ಅಜ್ಜಿಯ ನೆನಪಿಗೆ ಯಾವ ತಕ್ಕಡಿ?

ಅಂಗಡಿಯ ತಕ್ಕಡಿಗೂ ತೂಕದ ಕಲ್ಲುಗಳಿಗೂ ನಾವು ಕಾಲಕಾಲಕ್ಕೆ ಸರಕಾರಿ ಮುದ್ರೆ ಹಾಕಿಸುತ್ತೇವೆ. ತಕ್ಕಡಿಯೇ ವಾಲಿದ್ದರೆ ಪ್ರಾಮಾಣಿಕನ ವ್ಯಾಪಾರವೂ ಸುಳ್ಳಾಗುತ್ತದೆ. ಮನುಷ್ಯನ ನೆನಪನ್ನು ಅಳೆಯುವ ವೈದ್ಯರ ಪ್ರಶ್ನಾವಳಿಗೂ ಇದೇ ಮಾತು ಸಲ್ಲುತ್ತದೆ.

1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಮಿನಿ ಮೆಂಟಲ್ ಸ್ಟೇಟ್’ ಪರೀಕ್ಷೆ ಅನೇಕ ದೇಶಗಳಲ್ಲಿ ಬಳಕೆಗೆ ಬಂತು. ಒಟ್ಟು 30 ಅಂಕ. ಇಂದಿನ ತಾರೀಖು ಹೇಳಬೇಕು, 100ರಿಂದ ಏಳೇಳು ಕಳೆಯುತ್ತ ಹೋಗಬೇಕು, ಚೀಟಿಯಲ್ಲಿದ್ದುದನ್ನು ಓದಿ ಅದರಂತೆ ಮಾಡಬೇಕು, ಒಂದು ವಾಕ್ಯ ಬರೆಯಬೇಕು. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಮರೆವಿನ ರೋಗದ ಸಂಶಯ. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದವರ ಪಾಡೇನು? ಅಮೆರಿಕದಲ್ಲಿಯೇ, ವರ್ಣಭೇದದಿಂದ ಒಳ್ಳೆಯ ಶಾಲೆ ಕಾಣದ ಕಪ್ಪು ಜನಾಂಗದ ವೃದ್ಧರಲ್ಲಿ ರೋಗವಿಲ್ಲದವರನ್ನೂ ಈ ಪರೀಕ್ಷೆ ಹೆಚ್ಚಾಗಿ ರೋಗಿಗಳೆಂದು ತೋರಿಸಿದ್ದು ಕಂಡುಬಂತು.

ನಮ್ಮ ಮನೆಗಳಲ್ಲಿಯೇ ನೋಡೋಣ. ತಾರೀಖು ಕೇಳಿದರೆ ಅಜ್ಜಿ ತಡವರಿಸುತ್ತಾರೆ; ಅಷ್ಟಮಿ, ಚತುರ್ದಶಿ ಯಾವಾಗ ಎಂದರೆ ಥಟ್ಟನೆ ಹೇಳುತ್ತಾರೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳಲ್ಲಿ ಆಸ್ಪತ್ರೆಯವರ ಪ್ರಶ್ನೆ ಮರಾಠಿಯಲ್ಲಿದ್ದು, ಅಜ್ಜಿಯ ಮನೆಮಾತು ಕನ್ನಡವಾಗಿದ್ದರೆ, ಕಳೆದ ಅಂಕ ನೆನಪಿನದೋ ಭಾಷೆಯದೋ? ಇನ್ನೊಂದೆಡೆ, ಲೆಕ್ಕದಲ್ಲಿ ಪಳಗಿದ ವ್ಯಾಪಾರಿ ಅಜ್ಜನವರು ರೋಗ ಶುರುವಾಗಿದ್ದರೂ ಒಳ್ಳೆಯ ಅಂಕ ಪಡೆದುಬಿಡಬಹುದು. ಎರಡೂ ಅಪಾಯವೇ.

ಇದನ್ನರಿತು ಭಾರತ ಮತ್ತು ಅಮೆರಿಕದ ಸಂಶೋಧಕರು ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಹಿಂದಿಯಲ್ಲಿ ಹೊಸ ಪರೀಕ್ಷೆ ರೂಪಿಸಿ 1995ರಲ್ಲಿ ಪ್ರಕಟಿಸಿದರು. ಓದಿ ಮಾಡುವುದರ ಬದಲು ‘ನಾನು ಮಾಡಿದಂತೆ ಮಾಡಿ’ ಎಂದರು; ವಾಕ್ಯ ಬರೆಸುವ ಬದಲು ಮನೆಯ ವಿಷಯವಾಗಿ ಒಂದು ಮಾತು ಹೇಳಿಸಿದರು; ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ರೂಪಿಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಗುಚ್ಛವು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳೊಡನೆ ಕನ್ನಡದಲ್ಲಿಯೂ ಇದೆ.

ಹಿರಿಯರೊಡನೆ ವೈದ್ಯರಲ್ಲಿಗೆ ಹೋದಾಗ ನಾವು ಅವರ ಮನೆಮಾತು ಯಾವುದು, ಎಷ್ಟು ಓದಿದ್ದಾರೆ, ಕಿವಿ ಕಣ್ಣು ಹೇಗಿವೆ ಎಂಬುದನ್ನು ಮೊದಲೇ ತಿಳಿಸೋಣ. ಕನ್ನಡದಲ್ಲಿ ಪರೀಕ್ಷಿಸಲು ಆಗುವುದೇ ಎಂದು ಕೇಳೋಣ. ನಿತ್ಯ ಮಾಡುವ ಕೆಲಸದಲ್ಲಿ, ಬಸದಿಯ ದಾರಿಯಲ್ಲಿ, ಹಣದ ಎಣಿಕೆಯಲ್ಲಿ ಹೊಸದಾಗಿ ತಪ್ಪುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳೋಣ. ‘ವಯಸ್ಸಾಯಿತು’ ಎಂದು ಬಿಟ್ಟುಬಿಡುವುದು ಬೇಡ. ಅಂಕದ ಚೀಟಿ ಒಂದು ನಯವನ್ನಷ್ಟೇ ಹೇಳುತ್ತದೆ. ಉಳಿದುದನ್ನು ಹೇಳಬೇಕಾದವರು ಜೊತೆಯಲ್ಲಿ ಬಾಳುವ ನಾವೇ.