ರೊಟ್ಟಿ ಹುಡುಕುವವರಿಗೆ ನಮ್ಮ ಅಂಗಡಿ ಕಾಣಲಿ



ಕಲಬುರಗಿ, ವಿಜಯಪುರ, ಧಾರವಾಡದ ಕಡೆ ಎಷ್ಟೋ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಚೆನ್ನಾಗಿ ಒಣಗಿದ ರೊಟ್ಟಿ ಬಹಳ ದಿನ ಕೆಡುವುದಿಲ್ಲ. ಬೆಂಗಳೂರು, ಪುಣೆಗೂ ಕಳಿಸಬಹುದು. ಆದರೆ ಅಲ್ಲಿ ಕೊಳ್ಳುವವರು ಯಾರು? ನಮಗೆ ಗೊತ್ತಿಲ್ಲ. ಅವರಿಗೂ ನಾವು ಗೊತ್ತಿಲ್ಲ. ನಡುವೆ ದಲ್ಲಾಳಿ ಬರ್ತಾನೆ. ಅವನು ಹೇಳಿದ್ದೇ ರೇಟು.

ಅದಕ್ಕೇ ಕೆಲವು ಸಂಘದವರು ವೆಬ್‌ಸೈಟ್ ಮಾಡಿಸುತ್ತಾರೆ. ವೆಬ್‌ಸೈಟ್ ಅಂದರೆ ಫೋನಿನಲ್ಲಿ ಕಾಣುವ ಅಂಗಡಿ. ಅಂಗಡಿ ಇಟ್ಟ ಕೂಡಲೇ ಗಿರಾಕಿ ಬರ್ತಾರಾ? ಇಲ್ಲ. ಅಂಗಡಿ ಯಾವ ಓಣಿಯಲ್ಲಿದೆ ಅಂತ ಅವರಿಗೆ ತಿಳಿಯಬೇಕಲ್ಲ!

ದಾರಿ ತೋರಿಸುವುದು ಗೂಗಲ್. ಇದು 1998ರಲ್ಲಿ ಅಮೆರಿಕದಲ್ಲಿ ಶುರುವಾದ ಕಂಪನಿ. ಇದರ ಯಂತ್ರಗಳು ಲೋಕದ ವೆಬ್‌ಸೈಟ್‌ಗಳನ್ನು ಓದುತ್ತಾ ಹೋಗುತ್ತವೆ. ಯಾವ ಪುಟದಲ್ಲಿ ಯಾವ ಮಾತಿದೆ ಎಂದು ಬರೆದಿಟ್ಟುಕೊಳ್ಳುತ್ತವೆ. ಕಿರಾಣಿ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಯಾರಾದರೂ ಒಂದು ಮಾತು ಬರೆದು ಹುಡುಕಿದರೆ, ಆ ಪುಸ್ತಕ ನೋಡಿ ಪುಟಗಳನ್ನು ತೋರಿಸುತ್ತದೆ. ಹಾಗೆ ಹುಡುಕಲು ಬರೆಯುವ ಮಾತಿಗೆ ಕೀವರ್ಡ್ ಅನ್ನುತ್ತಾರೆ.

ಈಗ ನಮ್ಮ ಪುಟ ನೋಡೋಣ. ಮೇಲೆ ದೊಡ್ಡದಾಗಿ ಏನು ಬರೆಸುತ್ತೇವೆ? 'ನಮ್ಮ ಮಹಿಳಾ ಸಂಘಕ್ಕೆ ಸುಸ್ವಾಗತ.' ಕೆಳಗೆ ಅಧ್ಯಕ್ಷರ ಫೋಟೊ, ಹಾರ, ಶಾಲು. ಎಲ್ಲಾ ಇದೆ, ರೊಟ್ಟಿ ಅನ್ನೋ ಮಾತೇ ಇಲ್ಲ! ಹಸಿದವಳು ಸಂಘ ಹುಡುಕುತ್ತಾಳಾ? ರೊಟ್ಟಿ ಹುಡುಕುತ್ತಾಳೆ.

ಆದ್ದರಿಂದ ಪುಟದ ತಲೆಬರಹದಲ್ಲೇ ಬರೆಸಿ: 'ಕಲಬುರಗಿಯ ಜೋಳದ ಖಡಕ್ ರೊಟ್ಟಿ, ಬೆಂಗಳೂರಿಗೆ ಕಳಿಸುತ್ತೇವೆ.' ವಸ್ತುವಿನ ಹೆಸರು ಬಂತು. ಊರು ಬಂತು. ಎಲ್ಲಿಗೆ ಕಳಿಸುತ್ತೀರಿ ಅನ್ನೋದೂ ಬಂತು. ಬ್ಯಾನರಿನ ಫೋಟೊ ಹಾಕಿ ಸುಮ್ಮನಾಗಬೇಡಿ. ಫೋಟೊದೊಳಗಿನ ಅಕ್ಷರವನ್ನು ಯಂತ್ರ ಓದುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಬರೆಸಿ.

ಇನ್ನೊಂದು ಮಾತು. ನಾವು ರೊಟ್ಟಿ ಅಂತೀವಿ. ಮರಾಠಿಯವರು ಭಾಕ್ರಿ ಅಂತಾರೆ. ಹಿಂದಿಯವರು ಜ್ವಾರ್ ರೋಟಿ ಅಂತಾರೆ. ಕನ್ನಡದವರೇ ಎಷ್ಟೋ ಜನ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. ಗೂಗಲ್‌ಗೆ ಈಗ ಅರ್ಥವೂ ಸ್ವಲ್ಪ ತಿಳಿಯುತ್ತದೆ, ನಿಜ. ಆದರೂ ಈ ಹೆಸರುಗಳು ಪುಟದಲ್ಲಿ ಒಂದೊಂದು ಸಲ ಬಂದರೆ ಒಳ್ಳೆಯದು. ಜನ ಏನಂತ ಹುಡುಕುತ್ತಾರೆ ಅಂತ ತಿಳಿಯಬೇಕಾ? ಗೂಗಲ್‌ನಲ್ಲಿ 'ಜೋಳದ ರೊಟ್ಟಿ' ಅಂತ ಬರೆದು ತಡೆಯಿರಿ. ಕೆಳಗೆ ತಾನಾಗಿ ಕೆಲವು ಸಾಲು ಬರುತ್ತವೆ. ಹೆಚ್ಚಾಗಿ ಅವು ಬೇರೆಯವರು ಹುಡುಕಿದ ಮಾತುಗಳು. ಪಟ್ಟಿಯಲ್ಲಿ ಬರೆದುಕೊಳ್ಳಿ.

ಹಾಗಂತ 'ರೊಟ್ಟಿ ರೊಟ್ಟಿ ರೊಟ್ಟಿ' ಅಂತ ನೂರು ಸಲ ಬರೆಸಬೇಡಿ. ಗೂಗಲ್ ಅದನ್ನು ಮೋಸ ಅಂತ ಎಣಿಸಿ ಪುಟವನ್ನು ಹಿಂದಕ್ಕೆ ತಳ್ಳಬಹುದು. ಉಪ್ಪು ರುಚಿಗೆ ತಕ್ಕಷ್ಟೇ.

'ದುಡ್ಡು ಕೊಡಿ, ನಿಮ್ಮನ್ನು ಮೊದಲನೇ ನಂಬರಿಗೆ ತರ್ತೀನಿ, ಗ್ಯಾರಂಟಿ' ಅಂತ ಫೋನು ಬಂದರೆ ಇಟ್ಟುಬಿಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ಕಂಪನಿಯೇ ಹೇಳಿದೆ. ದುಡ್ಡು ಕೊಟ್ಟು ಜಾಹೀರಾತು ಹಾಕಬಹುದು. ಅದು ಬೇರೆ. ಜಾಹೀರಾತು ಎಂಬ ಗುರುತು ಅದರ ಮೇಲೆ ಇರುತ್ತದೆ. ಇನ್ನು ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ಫೋನು, ವೇಳೆ ಸೇರಿಸಲು ಒಂದು ಪೈಸೆಯೂ ಇಲ್ಲ. ಇದನ್ನು ಮೊದಲು ಮಾಡಿ.

ಪುಟ ಬದಲಿಸಿದ ಮರುದಿನವೇ ಫಲ ಕಾಣುವುದಿಲ್ಲ. ಯಂತ್ರ ಮತ್ತೆ ಬಂದು ಓದಬೇಕು. ಕೆಲವು ದಿನ, ಕೆಲವು ಸಲ ವಾರಗಳೇ ಹಿಡಿಯುತ್ತವೆ. ನಾಗರ ಪಂಚಮಿಗೆ ಉಂಡಿ ಮಾರುವವರು 'ಪಂಚಮಿ ಉಂಡಿ, ಶೇಂಗಾ ಉಂಡಿ' ಅಂತ ಒಂದು ತಿಂಗಳು ಮುಂಚೆಯೇ ಬರೆಸಿಡಿ. ಹಬ್ಬದ ಹಿಂದಿನ ದಿನ ಬರೆಸಿದರೆ ಉಂಡಿ ಮನೆಯವರೇ ತಿನ್ನಬೇಕಾದೀತು.