ಬೇಸಾಯದಲ್ಲಿ ದುಡಿಯುವ ಬಂಡವಾಳ

ಬೇಸಾಯಗಾರನ ಬಂಡವಾಳವು ಎರಡು ಬಗೆಯಾಗಿರುವುದು. ಭೂಮಿ, ಬಾವಿ, ಎತ್ತು, ಉಪಕರಣ, ಕೊಟ್ಟಿಗೆ ಇವು ಅನೇಕ ವರ್ಷ ಉಪಯೋಗಕ್ಕೆ ಬರತಕ್ಕ ಸ್ಥಿರ ಬಂಡವಾಳವು. ಬೀಜ, ಗೊಬ್ಬರ, ಕೂಲಿ, ಬಾಡಿಗೆ, ಮೇವು ಇವುಗಳಿಗೆ ತೊಡಗಿಸಿದ ಹಣವಾದರೋ ಒಂದೇ ಬೆಳೆಯಲ್ಲಿ ವೆಚ್ಚವಾಗಿ, ಫಸಲು ಮಾರಿದ ಮೇಲೆ ಮರಳಿ ಕೈಸೇರುವುದು. ಇದನ್ನೇ ದುಡಿಯುವ ಬಂಡವಾಳವೆನ್ನುವರು. ಎಷ್ಟು ಭೂಮಿಯಿದ್ದರೂ ಇದಿಲ್ಲದೆ ಅದು ಫಲಕೊಡಲಾರದು.

ಖುಷ್ಕಿ ರಾಗಿಯನ್ನೇ ನೋಡಿರಿ. ಮುಂಗಾರಿನಲ್ಲಿ ಉಳುಮೆಗೂ ಬೀಜಕ್ಕೂ ಹೂಡಿದ ಹಣವು ನವೆಂಬರು, ಡಿಸೆಂಬರು ತಿಂಗಳ ಕುಯ್ಲಿನವರೆಗೆ ಭೂಮಿಯಲ್ಲಿಯೇ ಇರುವುದು. ನಡುವೆ ಕಳೆ, ಮೇಲುಗೊಬ್ಬರಗಳ ವೆಚ್ಚ ಬರುವುದು. ಮಳೆಯ ಹದವು ಯಾರಿಗೂ ಕಾಯುವುದಿಲ್ಲ. ಹಣಕ್ಕಾಗಿ ಅಲೆಯುವಷ್ಟರಲ್ಲಿ ಹದ ತಪ್ಪಿದರೆ, ಆಮೇಲೆ ದೊರೆತ ಹಣದಿಂದ ಆ ನಷ್ಟವು ತುಂಬದು.

ಎರಡನೆಯ ನಷ್ಟವು ಬಡ್ಡಿಯದು. ಲೆಕ್ಕಕ್ಕಾಗಿ 10,000 ರೂಪಾಯಿಗಳನ್ನು ಆರು ತಿಂಗಳ ಮಟ್ಟಿಗೆ ತಂದರೆಂದು ಭಾವಿಸೋಣ. ತಿಂಗಳಿಗೆ ನೂರಕ್ಕೆ 3 ರೂಪಾಯಿಯಂತೆ ಬಡ್ಡಿಯು 1,800 ರೂಪಾಯಿ. ವರ್ಷಕ್ಕೆ ನೂರಕ್ಕೆ 7ರಂತೆ 350 ರೂಪಾಯಿ ಮಾತ್ರ. ಭೂಮಿಯೊಂದೇ, ದುಡಿಮೆಯೊಂದೇ; ಆದರೂ 1,450 ರೂಪಾಯಿಗಳ ಅಂತರವು.

ಮೂರನೆಯ ನಷ್ಟವು ಕಣದಲ್ಲಿ ಆಗುವುದು. ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ, ಎಲ್ಲರೂ ಮಾರುವ ಕಾಲದ ಇಳಿದ ಧಾರಣೆಗೇ ಮಾರಬೇಕಾಗುವುದು. ರಾಗಿಗೆ ಹುಳುವಿನ ಬಾಧೆ ಕಡಿಮೆ. ನಮ್ಮ ಹಿರಿಯರು ಅದನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಆ ದಾಸ್ತಾನು ಮನೆಯ ಊಟವೂ ಹೌದು, ಬಂಡವಾಳವೂ ಹೌದು.

ಆದುದರಿಂದ ರೈತರು ಈ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಫಸಲು ಮಾರಿದ ದಿನವೇ ಮುಂದಿನ ಬೆಳೆಯ ವೆಚ್ಚವನ್ನು ಮೊದಲು ಬೇರೆ ತೆಗೆದಿಡಬೇಕು. ಬಿತ್ತನೆಗೆ ಬೇಕಾದ ಒಳ್ಳೆಯ ಬೀಜವನ್ನೂ ಆಗಲೇ ಆರಿಸಿಡಬೇಕು.

2. ಬೆಳೆಗೆಂದು ತಂದ ಸಾಲವನ್ನು ಮದುವೆಗಾಗಲಿ, ಜಮೀನು ಕೊಳ್ಳುವುದಕ್ಕಾಗಲಿ ಬಳಸಕೂಡದು. ಆರು ತಿಂಗಳಲ್ಲಿ ತೀರಿಸಬೇಕಾದ ಹಣವು ಅಲ್ಲಿಂದ ಆರು ತಿಂಗಳಲ್ಲಿ ಹಿಂದಿರುಗುವುದಿಲ್ಲ.

3. ತಿಪ್ಪೆಯ ಗೊಬ್ಬರವನ್ನು ಮಳೆಬಿಸಿಲುಗಳಿಂದ ಕಾಪಾಡಬೇಕು. ಮನೆಯಲ್ಲಿ ದೊರೆಯುವ ಗೊಬ್ಬರವೂ ಮೇವೂ ಸಾಲವಿಲ್ಲದ ಬಂಡವಾಳವೇ ಸರಿ.

4. ಪ್ರತಿ ಬೆಳೆಯ ವೆಚ್ಚವನ್ನು ತಾರೀಖು ಸಹಿತ ಬರೆದಿಡಬೇಕು. ಯಾವ ತಿಂಗಳಲ್ಲಿ ಎಷ್ಟು ಹಣ ಬೇಕೆಂಬುದು ಆ ಪುಸ್ತಕದಿಂದಲೇ ತಿಳಿಯುವುದು.

5. ಸಾಲವು ಅವಶ್ಯವಾದರೆ ಸಹಕಾರ ಸಂಘ ಅಥವಾ ಬ್ಯಾಂಕಿನಿಂದಲೇ ಪಡೆಯಬೇಕು. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಏರ್ಪಾಟಿನಂತೆ, ಮಂಜೂರಾದ ಮಿತಿಯೊಳಗೆ ಬೇಕಾದಾಗ ಬೇಕಾದಷ್ಟೇ ಹಣವನ್ನು ತೆಗೆದುಕೊಳ್ಳಬಹುದು, ಪಡೆದಷ್ಟಕ್ಕೇ ಬಡ್ಡಿ.

ಗ್ರಾಮದ ಮುಖಂಡರ ಹೊಣೆಯು ಇಲ್ಲಿ ದೊಡ್ಡದು. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮುಂದೆ ನಿಂತು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಸಹಕಾರ ಸಂಘಗಳ ರೆಗ್ಯುಲೇಷನ್ನು ಜಾರಿಗೆ ಬಂದಿತು. ಊರಿನ ಸಂಘದ ಸಾಲವು ಮಳೆಗೆ ಮುಂಚೆಯೇ ಬಡ ಹಿಡುವಳಿದಾರರ ಕೈಗೆ ಸೇರುವಂತೆಯೂ, ಫಸಲು ಬಂದೊಡನೆ ವಾಯಿದೆಗೆ ಸರಿಯಾಗಿ ಮರುಪಾವತಿಯಾಗುವಂತೆಯೂ ಮುಖಂಡರು ನೋಡಿಕೊಳ್ಳಬೇಕು. ಒಬ್ಬನು ತೀರಿಸಿದ ಹಣವೇ ಮುಂದಿನ ಮುಂಗಾರಿಗೆ ನೆರೆಯವನ ಬೀಜವಾಗುವುದು.