ಆಕಾಶಕ್ಕೆ ಆರಾಣೆ

ವಿಮಾನವು ಸಾರಿಗೆಯ ಸಾಧನವಾಗುವುದಕ್ಕೆ ಮೊದಲು ಪ್ರದರ್ಶನದ ವಸ್ತುವಾಗಿತ್ತು. ಸರಕನ್ನಾಗಲಿ ಪ್ರಯಾಣಿಕರನ್ನಾಗಲಿ ಹೆಚ್ಚಾಗಿ ಹೊರಲಾರದಿದ್ದ ಆ ದಿನಗಳಲ್ಲಿ ಅದರ ಖರ್ಚನ್ನು ನೋಡುಗರ ಕುತೂಹಲವೇ ತೂಗಿಸಬೇಕಾಗಿತ್ತು. ಆದರೆ ಸರ್ಕಸ್ಸಿನ ಡೇರೆಗಿರುವಂತೆ ಆಕಾಶಕ್ಕೆ ಮರೆಯಿಲ್ಲವಾದ್ದರಿಂದ, ಟಿಕೆಟ್ ಕೊಂಡವನಿಗೆ ಕಾಣುವ ಹಾರಾಟ ಮೈದಾನದ ಹೊರಗೆ ಮರವೇರಿದವನಿಗೂ ಪುಕ್ಕಟೆಯಾಗಿ ಕಾಣುತ್ತಿತ್ತು. ಈ ತೊಡಕನ್ನು ಸಂಘಟಕರು ಹಲವು ಬಗೆಯಲ್ಲಿ ಬಿಡಿಸಿಕೊಂಡರು.

ಮೊದಲನೆಯ ಬಗೆ ಬಹುಮಾನ. ಹಾರಾಟದ ಸುದ್ದಿ ಪತ್ರಿಕೆಯ ಮಾರಾಟವನ್ನು ಹೆಚ್ಚಿಸುತ್ತಿದ್ದುದರಿಂದ ಲಂಡನ್ನಿನ ‘ಡೈಲಿ ಮೇಲ್’ ಇಂಗ್ಲಿಷ್ ಕಾಲುವೆ ದಾಟಿದವರಿಗೆ 1,000 ಪೌಂಡ್ ಘೋಷಿಸಿತು. 1909ರ ಜುಲೈ 25ರಂದು ಲೂಯಿ ಬ್ಲೆರಿಯೊ ಅದನ್ನು ಗೆದ್ದರು. ಮರುತಿಂಗಳು ಫ್ರಾನ್ಸಿನ ರೀಮ್ಸ್ ನಗರದಲ್ಲಿ ಷಾಂಪೇನ್ ತಯಾರಕರ ಬೆಂಬಲದಿಂದ ನಡೆದ ವೈಮಾನಿಕ ಮೇಳದಲ್ಲಿ, ಪೈಲಾನ್‌ಗಳನ್ನು, ಅಂದರೆ ತಿರುವನ್ನು ಸೂಚಿಸುವ ಎತ್ತರದ ಕಂಬಗಳನ್ನು ನೆಟ್ಟು 10 ಕಿ.ಮೀ. ಸುತ್ತು ಗೊತ್ತುಮಾಡಲಾಯಿತು. ವಿಮಾನ ಸುತ್ತುಸುತ್ತಿಗೂ ಪ್ರೇಕ್ಷಕರ ಕಣ್ಣೆದುರಿಗೇ ಬರುತ್ತಿದ್ದುದರಿಂದ ದುಡ್ಡು ಕೊಟ್ಟು ಒಳಗೆ ಕೂತದ್ದಕ್ಕೆ ಬೆಲೆ ಬಂತು. ಎರಡು ಸುತ್ತಿನ ಗಾರ್ಡನ್ ಬೆನೆಟ್ ಪಂದ್ಯದಲ್ಲಿ ಅಮೆರಿಕದ ಗ್ಲೆನ್ ಕರ್ಟಿಸ್ ಬ್ಲೆರಿಯೊ ಅವರನ್ನು ಕೆಲವೇ ಸೆಕೆಂಡುಗಳಿಂದ ಹಿಂದೆ ಹಾಕಿದರು.

ಇನ್ನೊಂದು ಬಗೆ ಭಾರತದಲ್ಲಿ ಕಂಡುಬಂತು. ಅಂದಿನ ಸಂಯುಕ್ತ ಪ್ರಾಂತ್ಯದ ವಸ್ತುಪ್ರದರ್ಶನ ಅಲಹಾಬಾದಿನಲ್ಲಿ ಏರ್ಪಟ್ಟಾಗ, ಬ್ರಿಟನ್ನಿನ ವಾಲ್ಟರ್ ವಿಂಡಮ್ ಅಲ್ಲಿಗೆ ವಿಮಾನಗಳನ್ನು ತರಿಸಿದ್ದರು. ವಿದ್ಯಾರ್ಥಿನಿಲಯವೊಂದಕ್ಕೆ ಹಣ ಕೂಡಿಸುತ್ತಿದ್ದ ಹೋಲಿ ಟ್ರಿನಿಟಿ ಚರ್ಚಿನ ಪಾದ್ರಿಯೊಬ್ಬರು ನೆರವು ಕೋರಿದಾಗ, ಕಾಗದಗಳನ್ನು ವಿಮಾನದಲ್ಲಿ ಒಯ್ದು ಒಂದೊಂದಕ್ಕೂ ಆರಾಣೆ ವಿಶೇಷ ಶುಲ್ಕ ಪಡೆಯುವ ಯೋಜನೆ ರೂಪುಗೊಂಡು, ಅಂಚೆ ಇಲಾಖೆಯೂ ಅದಕ್ಕೆ ಒಪ್ಪಿತು. 1911ರ ಫೆಬ್ರವರಿ 18ರಂದು ಫ್ರೆಂಚ್ ವೈಮಾನಿಕ ಆನ್ರಿ ಪೆಕೆ, ಒಂದರ ಮೇಲೊಂದು ರೆಕ್ಕೆಯಿದ್ದ ಹಂಬರ್ ಬೈಪ್ಲೇನಿನಲ್ಲಿ ಸುಮಾರು 6,500 ಕಾಗದಗಳನ್ನು ಹೊತ್ತು, ಯಮುನೆಯನ್ನು ದಾಟಿ, ಸುಮಾರು 10 ಕಿ.ಮೀ. ದೂರದ ನೈನಿಯನ್ನು 13 ನಿಮಿಷಗಳಲ್ಲಿ ಮುಟ್ಟಿದರು. ಪ್ರತಿ ಲಕೋಟೆಯ ಮೇಲೂ ಬೆಟ್ಟದ ಮೇಲೆ ಹಾರುವ ವಿಮಾನದ ಚಿತ್ರವಿದ್ದ ನಸುನೇರಳೆ ಮುದ್ರೆ ಒತ್ತಲಾಗಿತ್ತು.

ಹಾರಾಟವನ್ನು ನೋಡಲು ಕಾಸು ಬೇಕಿರಲಿಲ್ಲ. ಹಾರಿಬಂದ ಲಕೋಟೆ ಬೇಕೆಂದರೆ ಆರಾಣೆ ಕೊಡಲೇಬೇಕಿತ್ತು. ಸಹಾಯಾರ್ಥವಾಗಿ ಹೂಡಿದ ಈ ಆಟವೇ ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆಯೆನಿಸಿತು. ಇಂದು, ಆ ಸಂಯುಕ್ತ ಪ್ರಾಂತ್ಯಕ್ಕೇ ಸೇರಿದ್ದ ಗ್ರೇಟರ್ ನೋಯ್ಡಾ ಪ್ರದೇಶಕ್ಕೆ ಸಮೀಪದ ಜೇವರ್‌ನಲ್ಲಿ ತಲೆಯೆತ್ತಿರುವ ವಿಮಾನ ನಿಲ್ದಾಣದಲ್ಲಿ ಸರಕು ಸಾಗಣೆಗೆಂದೇ ಜಾಗ ಮೀಸಲಾಗಿದೆ. ಮೇಳದಲ್ಲಿ ಕುಣಿಯುತ್ತಿದ್ದ ಯಂತ್ರ ಅಂಚೆಯ ಹೊರೆ ಹೊರಲು ಕಲಿತದ್ದು ಅದೇ ಪ್ರಾಂತ್ಯದ ನದೀತೀರದಲ್ಲಿ.